ಟೈರು ಕೊಟ್ಟ ದನದ ಡಾಕ್ಟರು: ಜಾನ್ ಬಾಯ್ಡ್ ಡನ್‌ಲಪ್

ವಿಜಯದಶಮಿಯ ಸಂಜೆ ಕೊಲ್ಲಾಪುರದ ದಸರಾ ಚೌಕಿನಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಛತ್ರಪತಿ ಮನೆತನದವರು ಬನ್ನಿ ಪೂಜೆಗೆ ಬರುವುದನ್ನು ನೋಡಲು ಸುತ್ತಲಿನ ಹಳ್ಳಿಗಳ ಜನವೆಲ್ಲ ನೆರೆದಿರುತ್ತದೆ. ಅವರು ಬರುವುದು ರಾಜಾರಾಮ ಮಹಾರಾಜರ ಕಾಲದ ಮೇಬ್ಯಾಕ್ ಮೋಟಾರಿನಲ್ಲಿ. ಅದು ಜರ್ಮನಿಯಲ್ಲಿ ತಯಾರಾದದ್ದು, 1930ರ ದಶಕದ್ದು. ಪೂಜೆ ಮುಗಿದು ಬಂಗಾರದ ಲೂಟಿ ಆರಂಭವಾದಾಗ ದೊಡ್ಡವರ ಕಣ್ಣೆಲ್ಲ ಎಲೆಗಳ ಮೇಲೆ. ಹುಡುಗರ ಕಣ್ಣು ಮಾತ್ರ ಆ ಮೋಟಾರಿನ ಮೇಲೆ.

ಹಾಗೆ ಒಂದು ವರ್ಷ ನಮ್ಮೊಡನೆ ದಸರೆಗೆ ಬಂದಿದ್ದ ಎಂಟನೆಯ ಇಯತ್ತೆಯ ಹುಡುಗನೊಬ್ಬ, ಗಡಹಿಂಗ್ಲಜಕ್ಕೆ ಹಿಂತಿರುಗುವ ಬಸ್ಸಿನಲ್ಲಿ ಒಂದು ಪ್ರಶ್ನೆ ಹಾಕಿದ. ಇಷ್ಟು ಹಳೆಯ ಮೋಟಾರಿಗೆ ಟೈರು ಎಲ್ಲಿಂದ ತರುತ್ತಾರೆ, ಯಾವ ಟೈರು ಸರಿಯೆಂದು ಹೇಗೆ ಆರಿಸುತ್ತಾರೆ ಎಂಬುದು ಅವನ ಕುತೂಹಲ. ಉತ್ತರ ಹೇಳುತ್ತ ಹೇಳುತ್ತ ನಾವು ಒಂದು ಹೆಸರಿಗೆ ಬಂದು ನಿಂತೆವು. ಆ ಹೆಸರು ಅವನಿಗೆ ಹೊಸದಾಗಿರಲಿಲ್ಲ. ಅವನ ಮನೆಯಲ್ಲಿ ಕಬ್ಬು ಸಾಗಿಸುವ ರಬ್ಬರ್ ಗಾಲಿಯ ಚಕ್ಕಡಿಗೆ ಎಲ್ಲರೂ ಡನ್‌ಲಪ್ ಗಾಡಿ ಎನ್ನುತ್ತಿದ್ದರು. ಆದರೆ ಅದು ಒಬ್ಬ ಮನುಷ್ಯನ ಹೆಸರು, ಅದರಲ್ಲಿಯೂ ದನಕರುಗಳಿಗೆ ಮದ್ದು ಮಾಡುತ್ತಿದ್ದ ಒಬ್ಬ ಡಾಕ್ಟರರ ಹೆಸರು ಎಂದಾಗ ಅವನು ನಂಬಲಿಲ್ಲ. ನಾವು ತಮಾಷೆ ಮಾಡುತ್ತಿದ್ದೇವೆಂದೇ ತಿಳಿದ. ಅವನಿಗಾಗಿ, ಅವನಂಥ ಇತರರಿಗಾಗಿ ಈ ಚರಿತ್ರೆಯನ್ನು ಬರೆಯುತ್ತಿದ್ದೇವೆ.

ಜಾನ್ ಬಾಯ್ಡ್ ಡನ್‌ಲಪ್ಪರು 1840ನೆಯ ಇಸವಿ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಡ್ರೆಗಾರ್ನ್ ಎಂಬ ಹಳ್ಳಿಯ ಒಂದು ರೈತ ಮನೆತನದಲ್ಲಿ ಜನಿಸಿದರು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು ಎಂದು ಮನೆಯವರು ಹೇಳುತ್ತಿದ್ದುದರಿಂದ ತಾವು ಅಶಕ್ತರೆಂಬ ಭಾವನೆ ಅವರಲ್ಲಿ ಬಾಲ್ಯದಿಂದಲೇ ಬೇರೂರಿತ್ತು. ಮೈಯನ್ನು ಜೋಪಾನ ಮಾಡಿಕೊಂಡೇ ಬಾಳಿದರು. ಹಾಗೆ ಬಾಳಿದವರು 81 ವರ್ಷ ಬದುಕಿದರೆಂಬುದು ಬೇರೆ ಮಾತು! ಎಡಿನ್‌ಬರೋ ನಗರದಲ್ಲಿ ಪಶುವೈದ್ಯ ವಿದ್ಯೆ ಕಲಿತು 19ನೆಯ ವಯಸ್ಸಿಗೇ ಉತ್ತೀರ್ಣರಾದರು. 1867ರಲ್ಲಿ ಸಮುದ್ರ ದಾಟಿ ಐರ್ಲೆಂಡಿಗೆ ಬಂದು, ಮೊದಲು ಡೌನ್‌ಪ್ಯಾಟ್ರಿಕ್ ಎಂಬ ಊರಿನಲ್ಲಿ ತಮ್ಮ ಸೋದರನೊಡನೆ ದವಾಖಾನೆ ನಡೆಸಿ, ಮುಂದೆ ಬೆಲ್‌ಫಾಸ್ಟ್ ನಗರದಲ್ಲಿ ನೆಲೆಸಿದರು. 1871ರಲ್ಲಿ ಮಾರ್ಗರೆಟ್ ಸ್ಟೀವನ್‌ಸನ್ ಎಂಬವರನ್ನು ವಿವಾಹವಾದರು. ಒಬ್ಬ ಮಗ, ಒಬ್ಬ ಮಗಳು.

ದನದ ಡಾಕ್ಟರೆಂದು ನಾವು ನಮ್ಮ ರೂಢಿಯಂತೆ ಕರೆದೆವು. ಬೆಲ್‌ಫಾಸ್ಟಿನಲ್ಲಿ ಅವರ ಕೈಗೆ ಹೆಚ್ಚಾಗಿ ಬರುತ್ತಿದ್ದವು ಕುದುರೆಗಳು. ಮೋಟಾರು ಇನ್ನೂ ಇಲ್ಲದ ಆ ದಿನಗಳಲ್ಲಿ ನಗರದ ಸರಕನ್ನೆಲ್ಲ ಎಳೆಯುತ್ತಿದ್ದವು ಕುದುರೆಗಳೇ. ಡನ್‌ಲಪ್ಪರ ದವಾಖಾನೆ ಐರ್ಲೆಂಡಿನ ದೊಡ್ಡ ಪಶು ದವಾಖಾನೆಗಳಲ್ಲಿ ಒಂದಾಯಿತು. ಕಲ್ಲುಹಾಸಿನ ಬೀದಿಗಳಲ್ಲಿ ಭಾರ ಎಳೆದೆಳೆದು ಕುಂಟಿದ ಕುದುರೆಗಳನ್ನು ಅವರು ದಿನವೂ ನೋಡುತ್ತಿದ್ದರು. ಚಿಕಿತ್ಸೆಗೆ ಬೇಕಾದ ಕೆಲವು ರಬ್ಬರ್ ಸಾಧನಗಳನ್ನು ತಾವೇ ಮಾಡಿಕೊಳ್ಳುತ್ತಿದ್ದುದರಿಂದ ರಬ್ಬರಿನ ಗುಣ ಅವರ ಬೆರಳಿಗೆ ಗೊತ್ತಿತ್ತು.

ಆ ಕಾಲದ ಗಾಲಿ ಎಂಥದೆಂದು ನಮ್ಮ ಹಳ್ಳಿಯ ಮಕ್ಕಳಿಗೆ ಹೇಳಬೇಕಾಗಿಲ್ಲ. ಕಟ್ಟಿಗೆಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಕೂಡಿಸಿ ನೀರು ಹೊಯ್ದಾಗ ಏಳುವ ಹೊಗೆಯನ್ನು ಅವರ ಅಜ್ಜಂದಿರು ಕಂಡಿದ್ದಾರೆ. ಅಂಥ ಚಕ್ಕಡಿಯಲ್ಲಿ ಕುಳಿತು ಜಾತ್ರೆಗೆ ಹೋಗಿ ಬಂದವರ ಬೆನ್ನಿಗೆ ಅದರ ನೆನಪು ಉಳಿದಿರುತ್ತದೆ. ಬೆಲ್‌ಫಾಸ್ಟಿನ ಸೈಕಲ್ಲುಗಳಿಗೂ ಇದ್ದುದು ಗಟ್ಟಿ ರಬ್ಬರಿನ ಪಟ್ಟಿ. ಅದರೊಳಗೆ ಹವಾ ಇರಲಿಲ್ಲ. ಕಲ್ಲಿನ ಮೇಲೆ ಹರಿದರೆ ಪೆಟ್ಟು ನೇರವಾಗಿ ಸವಾರನ ಬೆನ್ನಿಗೆ.

ಡನ್‌ಲಪ್ಪರ ಮಗ ಜಾನಿಗೆ ಆಗ ಒಂಬತ್ತು ಹತ್ತು ವರ್ಷ. ಅವನಿಗೊಂದು ಮೂರು ಗಾಲಿಯ ಸೈಕಲ್ಲಿತ್ತು. ಕಲ್ಲುಹಾಸಿನ ಮೇಲೆ, ಟ್ರಾಮ್ ಹಳಿಗಳ ಮೇಲೆ ಅದು ಕುಲುಕುವ ಪರಿಗೆ ಹುಡುಗ ಬೇಸತ್ತಿದ್ದ. ಇದಕ್ಕೇನಾದರೂ ಮಾಡಬೇಕೆಂದು ತಂದೆಗೆ ತೋರಿತು.

ಅವರು ಮಾಡಿದ ಪ್ರಯೋಗ ಎಷ್ಟು ಸರಳವೆಂದರೆ, ನಮ್ಮ ಶಾಲೆಯ ಯಾವ ಹುಡುಗನೂ ಅಂಗಳದಲ್ಲಿ ಮಾಡಿ ನೋಡಬಹುದು. 1887ರಲ್ಲಿ ಅವರು ಒಂದು ದುಂಡನೆಯ ಮರದ ಹಲಗೆಯನ್ನು ತೆಗೆದುಕೊಂಡರು. ತೆಳು ರಬ್ಬರ್ ಹಾಳೆಯಿಂದ ಒಂದು ಕೊಳವೆ ಮಾಡಿ ಅದರ ಅಂಚಿಗೆ ಸುತ್ತಿದರು. ಕೊಳವೆ ಉಬ್ಬಿ ಒಡೆಯದಂತೆ ಮೇಲೆ ಬಟ್ಟೆಯ ಹೊದಿಕೆ ಹೊಲಿದು ಮೊಳೆ ಹೊಡೆದರು. ಕಾಲ್ಚೆಂಡಿಗೆ ಹವಾ ಹೊಡೆಯುವ ಪಂಪಿನಿಂದ ಹವಾ ತುಂಬಿ ಬಾಯಿ ಕಟ್ಟಿದರು. ಅನಂತರ ಜಾನಿಯ ಸೈಕಲ್ಲಿನ ಗಾಲಿಯೊಂದನ್ನು ಬಿಚ್ಚಿ ತಂದು, ಎರಡನ್ನೂ ತಮ್ಮ ಅಂಗಳದಲ್ಲಿ ಉರುಳಿಸಿದರು. ಸೈಕಲ್ಲಿನ ಗಾಲಿ ಅರ್ಧ ದಾರಿಯಲ್ಲಿಯೇ ಮುಗ್ಗರಿಸಿ ಬಿದ್ದಿತು. ಹವಾ ತುಂಬಿದ ಗಾಲಿ ಅಂಗಳದ ಕೊನೆಯವರೆಗೂ ಓಡಿ, ಗೇಟಿನ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಡನ್‌ಲಪ್ಪರು ಹುಡುಕುತ್ತಿದ್ದುದು ಮಗನ ಬೆನ್ನಿಗೆ ಹಿತವಾದ ಗಾಲಿಯನ್ನು. ಸಿಕ್ಕಿದ್ದು ಅದಕ್ಕಿಂತ ಮಿಗಿಲಾದದ್ದು. ಗಟ್ಟಿ ಗಾಲಿ ಪ್ರತಿ ಕಲ್ಲಿನ ಮೇಲೂ ಸೈಕಲ್ಲನ್ನೂ ಸವಾರನನ್ನೂ ಎತ್ತಬೇಕು, ಮತ್ತೆ ಇಳಿಸಬೇಕು. ಎತ್ತುವುದರಲ್ಲಿ ಶಕ್ತಿ ವ್ಯರ್ಥವಾಗುತ್ತದೆ. ಹವಾ ತುಂಬಿದ ಗಾಲಿ ಕಲ್ಲನ್ನು ತನ್ನೊಳಗೆ ಒತ್ತಿಕೊಂಡು ದಾಟಿಬಿಡುತ್ತದೆ. ಆದ್ದರಿಂದ ಮೆತ್ತನೆಯ ಗಾಲಿಯೇ ಹೆಚ್ಚು ದೂರ ಓಡಿತು. ಮೆತ್ತಗಿದ್ದುದು ನಿಧಾನ, ಗಟ್ಟಿಯಿದ್ದುದು ವೇಗ ಎಂದು ಅಲ್ಲಿಯವರೆಗೆ ಎಲ್ಲರೂ ತಿಳಿದಿದ್ದರು.

ಇಚಲಕರಂಜಿಯ ಪಾಲಕರಿಗೆ ಈ ಕಥೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. 1904ರಲ್ಲಿ ಮೊದಲ ಯಂತ್ರಮಗ್ಗ ಬಂದಂದಿನಿಂದ ಇಚಲಕರಂಜಿ ಹೇಗೆ ಮಗ್ಗಗಳ ಊರಾಯಿತೋ, ಬೆಲ್‌ಫಾಸ್ಟ್ ಹಾಗೆಯೇ ಅಗಸೆ ನಾರಿನ ಬಟ್ಟೆಯ ಊರು. ಗಟ್ಟಿ ಬಟ್ಟೆ ಅಲ್ಲಿ ಕೈಗೆ ಎಟಕುವಂತಿತ್ತು. ರಬ್ಬರ್ ಹವೆಯನ್ನು ಹಿಡಿದಿಡುತ್ತದೆ, ನಿಜ. ಆದರೆ ಹವೆಯ ಒತ್ತಡವನ್ನು ತಾಳಿಕೊಳ್ಳುವುದು ಬಟ್ಟೆ. ಇಂದಿಗೂ ಟೈರಿನ ಒಡಲಲ್ಲಿ ಇರುವುದು ನೂಲೇ. ಮುಂದೆ ಟೈರು ಮಾಡುವವರು ಒಂದು ಸಂಗತಿ ಕಂಡುಕೊಂಡರು. ಮಾಮೂಲು ಬಟ್ಟೆಯಲ್ಲಿ ಹಾಸೂ ಹೊಕ್ಕೂ ಒಂದರ ಮೇಲೊಂದು ಹಾಯುತ್ತವೆ. ಗಾಲಿ ಉರುಳುವಾಗ ಅವು ಗರಗಸದಂತೆ ಒಂದನ್ನೊಂದು ತಿಕ್ಕಿ ಕಡಿಯುತ್ತವೆ. ಆದ್ದರಿಂದ ಟೈರಿಗೆಂದೇ ಗಟ್ಟಿ ಹಾಸು ಮಾತ್ರ ಇಟ್ಟು, ಹೊಕ್ಕನ್ನು ಹೆಸರಿಗಷ್ಟೇ ಉಳಿಸಿದ ಬೇರೆ ಬಗೆಯ ಬಟ್ಟೆ ಬಂದಿತು. ಮಗ್ಗದ ಮುಂದೆ ಕುಳಿತವರಿಗೆ ಇದು ಒಂದೇ ಮಾತಿಗೆ ತಿಳಿಯುತ್ತದೆ. ನಮಗೆ ಅರ್ಥವಾಗಲು ಸಮಯ ಹಿಡಿಯಿತು.

1888ರ ಆರಂಭದಲ್ಲಿ ಜಾನಿಯ ಸೈಕಲ್ಲಿಗೆ ಹೊಸ ಗಾಲಿಗಳು ಬಂದವು. ಆ ವರ್ಷ ಡಿಸೆಂಬರ್ 7ರಂದು ಡನ್‌ಲಪ್ಪರಿಗೆ ಪೇಟೆಂಟ್ ಹಕ್ಕು ದೊರೆಯಿತು. ಆದರೂ ಜನರಿಗೆ ಉಬ್ಬಿದ ಗಾಲಿ ನಗೆಯ ವಸ್ತುವಾಗಿತ್ತು. ಆ ನಗೆಯನ್ನು ನಿಲ್ಲಿಸಿದವನು ವಿಲ್ಲಿ ಹ್ಯೂಮ್ ಎಂಬ ಸೈಕಲ್ ಸವಾರ. 1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಮೈದಾನದಲ್ಲಿ ಪಂದ್ಯಗಳು ನಡೆದವು. ಹ್ಯೂಮ್ ಉಬ್ಬುಗಾಲಿಯ ಸೈಕಲ್ಲನ್ನೇರಿ ಗೆದ್ದನು. ಬಳಿಕ ಇಂಗ್ಲೆಂಡಿನ ಲಿವರ್‌ಪೂಲಿಗೆ ಹೋಗಿ ಅಲ್ಲಿಯೂ ಒಂದನ್ನುಳಿದು ಎಲ್ಲ ಪಂದ್ಯಗಳನ್ನೂ ಗೆದ್ದನು. ಅವನೆದುರು ಸೋತವರಲ್ಲಿ ಹಾರ್ವೆ ಡ್ಯುಕ್ರೋ ಎಂಬ ಡಬ್ಲಿನ್ ಉದ್ಯಮಿಯ ಮಕ್ಕಳೂ ಇದ್ದರು. ಮಕ್ಕಳು ಸೋತರೆಂದು ತಂದೆ ಸಿಟ್ಟಾಗಲಿಲ್ಲ. ಆ ಗಾಲಿಯ ಬೆಲೆ ಅರಿತು, ಅದೇ ವರ್ಷ ಡಬ್ಲಿನ್ನಿನಲ್ಲಿ ಕಂಪನಿ ಕಟ್ಟಲು ಮುಂದಾದನು. ಡನ್‌ಲಪ್ಪರು ತಮ್ಮ ಪೇಟೆಂಟನ್ನು ಆ ಕಂಪನಿಗೆ ಒಪ್ಪಿಸಿ ಬದಲಿಗೆ ಷೇರುಗಳನ್ನು ಪಡೆದರು.

ಆಗ ಬಂದಿತು ದೊಡ್ಡ ಪೆಟ್ಟು. ಎರಡು ವರ್ಷ ತುಂಬುವುದರೊಳಗೆ ಪೇಟೆಂಟ್ ಕಚೇರಿ ಡನ್‌ಲಪ್ಪರ ಹಕ್ಕು ಊರ್ಜಿತವಲ್ಲವೆಂದು ತಿಳಿಸಿತು. ಕಾರಣ, ಅವರಿಗಿಂತ ನಲವತ್ತು ವರ್ಷಗಳಿಗೂ ಮೊದಲೇ, 1845ರಲ್ಲಿ, ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ 23 ವರ್ಷದ ತರುಣ ಇದೇ ವಿಚಾರಕ್ಕೆ ಹಕ್ಕು ಪಡೆದಿದ್ದ. ಅವನೂ ಸ್ಕಾಟ್ಲೆಂಡಿನವನೇ! ರಬ್ಬರ್ ಕೊಳವೆಗೆ ಚರ್ಮದ ಹೊದಿಕೆ ಹಾಕಿ ಅವನು ಕುದುರೆ ಸಾರೋಟುಗಳನ್ನು ಲಂಡನ್ನಿನ ಉದ್ಯಾನದಲ್ಲಿ ಓಡಿಸಿ ತೋರಿಸಿದ್ದ. ಆಗ ತೆಳು ರಬ್ಬರ್ ದುಬಾರಿ, ಸೈಕಲ್ಲು ಬಂದಿರಲಿಲ್ಲ, ಮೋಟಾರು ಯಾರ ಕನಸಿನಲ್ಲೂ ಇರಲಿಲ್ಲ. ಕೊಳ್ಳುವವರಿಲ್ಲದೆ ಆ ಗಾಲಿ ಮರೆತುಹೋಯಿತು. ಥಾಮ್ಸನ್ನನು 1873ರಲ್ಲಿ ತೀರಿಕೊಂಡನು. ಡನ್‌ಲಪ್ಪರಿಗೆ ಈ ಸಂಗತಿ ಗೊತ್ತಿರಲಿಲ್ಲ.

ಹಾಗಾದರೆ ಟೈರಿನ ಜನಕ ಯಾರು? ಥಾಮ್ಸನ್ ಮೊದಲಿಗನೆಂಬುದರಲ್ಲಿ ಸಂಶಯವಿಲ್ಲ. ಹಾಗೆಂದು ಡನ್‌ಲಪ್ಪರ ಹೆಸರನ್ನು ಅಳಿಸುವುದೂ ನ್ಯಾಯವಲ್ಲ ಎಂದು ನಮ್ಮ ಅಭಿಪ್ರಾಯ. ಜಗತ್ತಿನ ರಸ್ತೆಗಳಿಗೆ ಟೈರು ಇಳಿದದ್ದು ಅವರ ಅಂಗಳದಿಂದಲೇ. ಈ ರಬ್ಬರಿನ ಚರಿತ್ರೆಯಲ್ಲಿ ಹೀಗೆ ಕೈತಪ್ಪಿದವರು ಹಲವರಿದ್ದಾರೆ. ರಬ್ಬರನ್ನು ಗಂಧಕದೊಡನೆ ಕಾಯಿಸಿ ಬಿಸಿಲಿಗೆ ಅಂಟಾಗದಂತೆ, ಚಳಿಗೆ ಬಿರುಸಾಗದಂತೆ ಮಾಡಿದ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1860ರಲ್ಲಿ ಸಾಲ ಹೊತ್ತುಕೊಂಡೇ ಸತ್ತನು. ಅವನ ಹೆಸರಿನ ಕಂಪನಿ ಹುಟ್ಟಿದ್ದು 1898ರಲ್ಲಿ; ಅದಕ್ಕೂ ಅವನ ಮನೆತನಕ್ಕೂ ಸಂಬಂಧವಿಲ್ಲ.

ಪೇಟೆಂಟ್ ಹೋದರೂ ಕಂಪನಿ ಮುಳುಗಲಿಲ್ಲ. ಡನ್‌ಲಪ್ಪರ ಮೊದಲ ಟೈರಿಗೆ ಒಂದು ದೊಡ್ಡ ಕೊರತೆಯಿತ್ತು. ಅದನ್ನು ಗಾಲಿಯ ಬಳೆಗೆ ಅಂಟಿನಿಂದ ಅಂಟಿಸುತ್ತಿದ್ದರು. ಪಂಚರಾದರೆ ಸುಲಿದು ತೆಗೆದು, ಒಳಗಿನ ಕೊಳವೆಗೆ ತೇಪೆ ಹಾಕಿ, ಮತ್ತೆ ಅಂಟಿಸಿ ಒಣಗಿಸಬೇಕು. 1890ರಲ್ಲಿ ಚಾರ್ಲ್ಸ್ ವೆಲ್ಷ್ ಎಂಬವನು ಟೈರಿನ ಅಂಚಿನಲ್ಲಿ ತಂತಿ ಹುದುಗಿಸಿ, ಸುಲಭವಾಗಿ ಬಿಚ್ಚಿ ಹಾಕುವಂತೆ ಮಾಡಿದನು. ಅದೇ ವರ್ಷ ವಿಲಿಯಂ ಬಾರ್ಟ್ಲೆಟ್ ಎಂಬವನು ಉಬ್ಬಿದ ಅಂಚನ್ನು ಬಾಗಿದ ಬಳೆಗೆ ಸಿಕ್ಕಿಸುವ ಇನ್ನೊಂದು ಬಗೆಯನ್ನು ತಂದನು. ಎರಡೂ ಹಕ್ಕುಗಳನ್ನು ಕಂಪನಿ ಕೊಂಡುಕೊಂಡಿತು. ಫ್ರಾನ್ಸಿನ ಮಿಶಲಿನ್ ಸಹೋದರರು 1895ರ ಪ್ಯಾರಿಸ್-ಬೋರ್ಡೊ-ಪ್ಯಾರಿಸ್ ಪಂದ್ಯದಲ್ಲಿ ಹವೆಯ ಟೈರು ಹಾಕಿದ ಮೋಟಾರನ್ನು ಓಡಿಸಿದರು. ದಾರಿಯುದ್ದಕ್ಕೂ ಪಂಚರಾದವು, ಗೆಲ್ಲಲಿಲ್ಲ. ಆದರೆ ಮೋಟಾರಿಗೂ ಇಂಥ ಟೈರು ಸಲ್ಲುತ್ತದೆಂದು ಜನ ಕಂಡರು.

ಈಗ ಬಸ್ಸಿನ ಹುಡುಗನ ಪ್ರಶ್ನೆಗೆ ಬರೋಣ. ಹಳೆಯ ಮೋಟಾರಿಗೆ ಟೈರು ಆರಿಸುವವರು ಮೊದಲು ನೋಡಬೇಕಾದದ್ದು ಟೈರನ್ನಲ್ಲ, ಗಾಲಿಯ ಬಳೆಯನ್ನು. ಬಾರ್ಟ್ಲೆಟ್ಟನ ಬಗೆಯ ಬಾಗಿದ ಬಳೆಗೆ ಅದೇ ಬಗೆಯ ಉಬ್ಬಂಚಿನ ಟೈರು ಮಾತ್ರ ಕೂಡುತ್ತದೆ. ವೆಲ್ಷನ ತಂತಿ ಅಂಚಿನದು ಅಲ್ಲಿ ನಿಲ್ಲುವುದಿಲ್ಲ. ಅಳತೆ ಬರೆಯುವ ರೀತಿಯೂ ಬೇರೆ. ಫೋರ್ಡ್ ಕಂಪನಿಯ ಹಳೆಯ ಮಾಡೆಲ್ ಟಿ ಮೋಟಾರಿನ ಟೈರಿನ ಮೇಲೆ 30 ಎಂದಿದ್ದರೆ ಅದು ಟೈರಿನ ಹೊರಗಿನ ಪೂರ್ಣ ವ್ಯಾಸ, ಇಂಚುಗಳಲ್ಲಿ. ನಮ್ಮ ಕಡೆ ಬಹಳ ಕಾಲ ಓಡಿದ ಅಂಬಾಸಿಡರಿನ ಟೈರು 5.90-15, ಫಿಯೆಟ್ಟಿನದು 5.20-14. ಇಲ್ಲಿ ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ಬಳೆಯ ವ್ಯಾಸ. ಈ ವ್ಯತ್ಯಾಸ ತಿಳಿಯದೆ ಟೈರು ತರಿಸಿದರೆ ಹಣ ಹೋಗುತ್ತದೆ, ಗಾಲಿಗೆ ಟೈರು ಏರುವುದಿಲ್ಲ.

ಆಮೇಲೆ ಟೈರಿನ ಒಳಗಿನ ನೂಲು ಹೇಗೆ ಓಡುತ್ತದೆಂದು ನೋಡಬೇಕು. ಹಳೆಯ ಟೈರುಗಳಲ್ಲಿ ನೂಲಿನ ಪದರಗಳು ಓರೆಯಾಗಿ, ಒಂದರ ಮೇಲೊಂದು ಅಡ್ಡಡ್ಡ ಹಾಯುತ್ತವೆ. ಇದಕ್ಕೆ ಕ್ರಾಸ್ ಪ್ಲೈ ಎನ್ನುತ್ತಾರೆ. ಮಿಶಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಮಾಡಿದ ರೇಡಿಯಲ್ ಟೈರಿನಲ್ಲಿ ನೂಲು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗುತ್ತದೆ. ರೇಡಿಯಲ್ ಟೈರು ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಹೆಚ್ಚು ಕಾಲ ಬಾಳುತ್ತದೆ. ಹಾಗಾದರೆ ಅದನ್ನೇ ಹಾಕಬಾರದೇಕೆ? ಹಳೆಯ ಮೋಟಾರಿನ ಬಳೆ, ಸ್ಟೇರಿಂಗು, ಸ್ಪ್ರಿಂಗುಗಳನ್ನು ಕ್ರಾಸ್ ಪ್ಲೈ ಟೈರಿನ ಲೆಕ್ಕದಲ್ಲಿ ಮಾಡಿರುತ್ತಾರೆ. ರಸ್ತೆಯ ಹಿಡಿತ ಹೆಚ್ಚಾದಷ್ಟೂ ತಿರುವಿನಲ್ಲಿ ಎಳೆತ ಹೆಚ್ಚು. ಅದು ಹಳೆಯ ಬಳೆಯ ಮೇಲೆ ಬೀಳುತ್ತದೆ. ಕೆಲವು ಮೋಟಾರುಗಳು ರೇಡಿಯಲ್ ತಾಳಿಕೊಳ್ಳುತ್ತವೆ, ಕೆಲವು ತಾಳುವುದಿಲ್ಲ. ಆದರೆ ಒಂದೇ ಅಚ್ಚಿನ ಒಂದು ಕಡೆಗೆ ಅದು, ಇನ್ನೊಂದು ಕಡೆಗೆ ಇದು ಎಂದು ಹಾಕುವುದು ಮಾತ್ರ ಎಲ್ಲಿಯೂ ಸಲ್ಲದು. ಅರಗಳ ಗಾಲಿಯಾದರೆ ಒಳಗೆ ಟ್ಯೂಬು ಇರಲೇಬೇಕು. ಮೋಟಾರಿನ ತೂಕವನ್ನು ಟೈರು ಹೊರಬಲ್ಲದೇ ಎಂಬುದನ್ನೂ ನೋಡಬೇಕು, ಏಕೆಂದರೆ ರಾಜಮಹಾರಾಜರ ಮೋಟಾರುಗಳ ಮೈಕಟ್ಟು ಬಹಳ ಭಾರ.

ಎಲ್ಲಕ್ಕಿಂತ ಜನ ಮರೆಯುವುದು ಟೈರಿನ ವಯಸ್ಸು. ನಮ್ಮ ಪರಿಚಯದ ಹಿರಿಯರೊಬ್ಬರ ಮನೆಯಲ್ಲಿ ಒಂದು ಹಳೆಯ ಫಿಯೆಟ್ಟಿತ್ತು. ಮದುವೆ ಮುಂಜಿಗಳಿಗೆ ಮಾತ್ರ ಹೊರಗೆ ತೆಗೆಯುವರು. ಟೈರಿನ ಗೆರೆಗಳು ಹೊಸದರಂತೆ ಇದ್ದವು. ಅದನ್ನು ನೋಡಿ ನಾವೂ ಧೈರ್ಯವಾಗಿ ಹತ್ತಿ ಕುಳಿತೆವು. ಸಂಕೇಶ್ವರದ ರಸ್ತೆಯಲ್ಲಿ ಮುಂದಿನ ಟೈರು ಸಿಡಿದು ಮೋಟಾರು ಹುಣಸೆ ಮರದ ಬುಡಕ್ಕೆ ಹೋಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಇಳಿದು ನೋಡಿದಾಗ ಟೈರಿನ ಮಗ್ಗುಲಲ್ಲಿ ಬೇಸಿಗೆಯ ಕೆರೆಯಂತೆ ಬಿರುಕು! ಓಡಿ ಸವೆಯುವ ಟೈರಿಗಿಂತ ನಿಂತು ಒಣಗುವ ಟೈರು ಅಪಾಯಕಾರಿ, ಏಕೆಂದರೆ ಅದು ನೋಡಲು ಚೆನ್ನಾಗಿರುತ್ತದೆ. 2000ನೆಯ ಇಸವಿಯಿಂದೀಚೆಗಿನ ಟೈರುಗಳ ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು ಎಂದು ಅರ್ಥ. ವಿದ್ಯಾರ್ಥಿಗಳು ಮನೆಯ ಮೋಟಾರ್ ಸೈಕಲ್ಲಿನಲ್ಲಿಯೇ ಇದನ್ನು ಹುಡುಕಿ ನೋಡಬಹುದು. ಹಳೆಯ ಅಳತೆಯ ಹೊಸ ಟೈರುಗಳನ್ನು ಇಂಗ್ಲೆಂಡ್, ಅಮೆರಿಕಗಳಲ್ಲಿ ಇಂದಿಗೂ ಹಳೆಯ ಮೋಟಾರುಗಳಿಗಾಗಿಯೇ ತಯಾರಿಸುತ್ತಾರೆ. ವರ್ಷಕ್ಕೊಮ್ಮೆ ದಸರೆಗೆ ಹೊರಡುವಂಥ ಮೋಟಾರಿಗೆ ಆ ನಾಲ್ಕು ಅಂಕಿಗಳು ಬಹಳ ಮುಖ್ಯ.

ಡನ್‌ಲಪ್ಪರ ಉಳಿದ ಬಾಳಿನಲ್ಲಿ ಹೇಳುವಂಥ ಏರಿಳಿತಗಳಿಲ್ಲ. ಡಬ್ಲಿನ್ನಿಗೆ ಬಂದು ನೆಲೆಸಿದರು. ಕಂಪನಿಯ ಹಿರಿಯರೊಡನೆ ಹೊಂದಿಕೆಯಾಗದೆ 1895ರಲ್ಲಿ ಹೊರಬಂದು ತಮ್ಮ ಷೇರುಗಳನ್ನೂ ಬಹುಪಾಲು ಮಾರಿಬಿಟ್ಟರು. ಮರುವರ್ಷವೇ, 1896ರಲ್ಲಿ, ಟೆರಾ ಹೂಲಿ ಎಂಬ ಹಣಕಾಸಿನ ವ್ಯವಹಾರಸ್ಥ ಆ ಕಂಪನಿಯನ್ನು 30 ಲಕ್ಷ ಪೌಂಡಿಗೆ ಕೊಂಡು 50 ಲಕ್ಷ ಪೌಂಡಿಗೆ ಜನರಿಗೆ ಮಾರಿದನು. ಡನ್‌ಲಪ್ ಎಂಬ ಹೆಸರು ಜಗತ್ತನ್ನು ಸುತ್ತಲು ಆರಂಭಿಸಿದ್ದು ಅಂದಿನಿಂದ. ಆ ಹೊತ್ತಿಗೆ ಹೆಸರಿನ ಒಡೆಯರಿಗೆ ಅಲ್ಲಿ ಯಾವ ಅಧಿಕಾರವೂ ಇರಲಿಲ್ಲ. ಅವರು ಡಬ್ಲಿನ್ನಿನಲ್ಲಿ ಬಟ್ಟೆ ಅಂಗಡಿಯೊಂದರ ವ್ಯವಹಾರ ನೋಡಿಕೊಂಡಿದ್ದರು. ಕಂಪನಿಯವರು ಜಾಹೀರಾತುಗಳಲ್ಲಿ ಅವರನ್ನು ಎತ್ತರದ ಹ್ಯಾಟು ಧರಿಸಿದ ಷೋಕಿಲಾಲನಂತೆ ಚಿತ್ರಿಸಿದ್ದು ಅವರಿಗೆ ಹಿಡಿಸಲಿಲ್ಲ. ಉದ್ದ ಬಿಳಿ ಗಡ್ಡದ, ಸರಳ ಉಡುಗೆಯ ಮನುಷ್ಯ ಅವರು. 1921ರ ಅಕ್ಟೋಬರ್ 23ರಂದು ಡಬ್ಲಿನ್ನಿನಲ್ಲಿ ತೀರಿಕೊಂಡರು. ಟೈರಿನ ಚರಿತ್ರೆಯನ್ನು ಕುರಿತು ಅವರು ಬರೆದಿಟ್ಟುದನ್ನು ಮುಂದೆ ಪುಸ್ತಕವಾಗಿ ತಂದವರು ಮಗಳು ಜೀನ್. ಟೈರು ಮಾಡಿ ಅವರು ದೊಡ್ಡ ಸಿರಿವಂತರೇನೂ ಆಗಲಿಲ್ಲ.

ಭಾರತದಲ್ಲಿ ಡನ್‌ಲಪ್ ಕಂಪನಿಯ ಕಾರ್ಖಾನೆ ಬಂಗಾಲದ ಸಾಹಾಗಂಜದಲ್ಲಿ 1936ರಲ್ಲಿ ಆರಂಭವಾಯಿತು. ಆ ಕಾರ್ಖಾನೆ ಮುಚ್ಚಿ ಈಗ ವರ್ಷಗಳಾಗಿವೆ. ಆದರೆ ಕಂಪನಿಯವರು ಎತ್ತಿನ ಗಾಡಿಗೂ ಹವೆಯ ಟೈರು, ಕಬ್ಬಿಣದ ಅಚ್ಚು, ಬೇರಿಂಗು ತಂದದ್ದು ನಮ್ಮ ಕಡೆಯ ಕಬ್ಬಿನ ಸೀಮೆಗೆ ಬಹಳ ಒಗ್ಗಿತು. ಕಬ್ಬಿಣದ ಪಟ್ಟಿಯ ಗಾಲಿ ಮಳೆ ಬಿದ್ದ ಎರೆಭೂಮಿಯಲ್ಲಿ ಚಾಕುವಿನಂತೆ ಇಳಿಯುತ್ತಿತ್ತು, ಡಾಂಬರು ರಸ್ತೆಯನ್ನು ಸೀಳುತ್ತಿತ್ತು. ಅಗಲವಾದ ಟೈರು ಭಾರವನ್ನು ಹರವಿ ಮೇಲೆಯೇ ಉರುಳುತ್ತದೆ. ಅದೇ ಎತ್ತುಗಳು ಮೊದಲಿಗಿಂತ ಹೆಚ್ಚು ಹೇರನ್ನು ಎಳೆಯುವಂತಾಯಿತು. ಕುಂಟಿದ ಕುದುರೆಗಳಿಗೆ ಮದ್ದು ಮಾಡುತ್ತಿದ್ದ ಆ ಡಾಕ್ಟರರು ಕಣ್ಣಾರೆ ನೋಡಬೇಕಾದ ದೃಶ್ಯವಿದು ಎಂದು ನಮಗೆ ಎಷ್ಟೋ ಸಲ ಅನ್ನಿಸಿದೆ.

ಆದರೆ ಅವರು ನೋಡಿದ್ದರೆ ಇನ್ನೊಂದನ್ನೂ ನೋಡುತ್ತಿದ್ದರು. ಗಾಲಿ ಹಗುರಾಯಿತೆಂದು ನಾವು ಹೇರನ್ನು ಏರಿಸುತ್ತ ಹೋದೆವು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಗಳ ಸುಧಾರಣೆಗಾಗಿ ಬಹಳ ವರ್ಷ ದುಡಿದರು. ಎತ್ತಿನ ಹೆಗಲಿಗೆ ನೋವಾಗದ ನೊಗ ಬೇಕೆಂದು ಅವರು ಹಟ ಹಿಡಿದದ್ದು ಸುಮ್ಮನಲ್ಲ. ಟೈರು ಗಾಲಿಯನ್ನು ಮೆತ್ತಗೆ ಮಾಡಿತು, ನೊಗ ಹಾಗೆಯೇ ಗಟ್ಟಿಯಾಗಿ ಉಳಿಯಿತು. ಕಾರ್ಖಾನೆಯ ಗೇಟಿನ ಮುಂದೆ ಸರದಿಗಾಗಿ ಕಾದು ನಿಂತ ಎತ್ತುಗಳ ಹೆಗಲನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಹುಡುಗ ದೀಪಾವಳಿ ರಜೆ ಮುಗಿಸಿ ಬಂದಾಗ ತಮ್ಮ ಗಾಡಿಯ ಟೈರಿನ ಮೇಲೆ ಬರೆದುದನ್ನೆಲ್ಲ ಒಂದು ಚೀಟಿಯಲ್ಲಿ ಇಳಿಸಿಕೊಂಡು ತಂದಿದ್ದ. ಅದರಲ್ಲಿ ಡನ್‌ಲಪ್ ಎಂಬ ಹೆಸರು ಎಲ್ಲಿಯೂ ಇರಲಿಲ್ಲ. ಬೇರೆ ಯಾವುದೋ ಕಂಪನಿಯ ಹೆಸರಿತ್ತು. ಮನೆಯಲ್ಲಿ ಮಾತ್ರ ಅದಕ್ಕೆ ಇನ್ನೂ ಡನ್‌ಲಪ್ ಗಾಡಿ ಎಂದೇ ಹೇಳುತ್ತಾರಂತೆ.